ನಿಕಿ ಹೇಡನ್ ಹೆಲ್ಮೆಟ್ಟು ಮತ್ತು ನಾಲ್ಕು ನುಸಿ ಗುಳಿಗೆ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಬಾಡಿಗೆ ಮನೆಯ ಒಳಕೋಣೆಯ ಕಪಾಟಿನಲ್ಲಿ ಬಟ್ಟೆಬರೆಗಳಿಗಿಂತ ಹೆಚ್ಚಿನ ಜಾಗವನ್ನು ಮೂರು ಹೆಲ್ಮೆಟ್ಟುಗಳು ಹಿಡಿದುಕೊಂಡಿವೆ. ಮೂರೂ ಮೋಟಾರ್‌ಸೈಕಲ್ ರೇಸಿನ ಸವಾರರು ಧರಿಸಿದ ಹೆಲ್ಮೆಟ್ಟುಗಳ ಪ್ರತಿಕೃತಿಗಳು. ಸೀಮಿತ ಸಂಖ್ಯೆಯಲ್ಲಿ ಅಥವಾ ಸೀಮಿತ ಅವಧಿಗೆ ಮಾತ್ರ ತಯಾರಾಗಿ, ಆಮೇಲೆ ಅಂಗಡಿಗಳಿಂದ ಮರೆಯಾದಂಥವು. ಒಂದೊಂದನ್ನು ಕೊಳ್ಳುವಾಗಲೂ ಆ ತಿಂಗಳ ಸಂಬಳವೆಲ್ಲ ಅದಕ್ಕೇ ಹೋಗಿದೆ. ಆದರೆ ಅವುಗಳಲ್ಲಿ ಒಂದನ್ನೂ ನಾನು ರಸ್ತೆಯ ಮೇಲೆ ಹಾಕಿಕೊಂಡಿಲ್ಲ. ಶಿರಸಿಯಿಂದ ಬಂದಾಗಲೆಲ್ಲ ಆಯಿ ಕಪಾಟಿನ ಬಾಗಿಲು ತೆರೆದು ಕೇಳುವ ಪ್ರಶ್ನೆ ಒಂದೇ: "ಹಾಕ್ಯಳದಿಲ್ಲೆ ಅಂದ್ಮೇಲೆ ತಂದಿದ್ದೆಂತಕ್ಕೋ ತಮಾ?" ನಾನು ಕೊಡುತ್ತ ಬಂದ ಉತ್ತರ ಅವಳಿಗೆ ಎಂದೂ ಒಪ್ಪಿಗೆಯಾಗಿರಲಿಲ್ಲ. ಕಳೆದ ಮಳೆಗಾಲದ ನಂತರ ಅದು ನನಗೂ ಅಷ್ಟಾಗಿ ಒಪ್ಪಿಗೆಯಾಗುತ್ತಿಲ್ಲ.

ನನ್ನ ಉತ್ತರ ಯಕ್ಷಗಾನದಿಂದ ಎತ್ತಿಕೊಂಡದ್ದು. ಬಯಲಾಟದಲ್ಲಿ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತವನಿಗೂ, ಪಾತ್ರಧಾರಿಯ ಮುಖ ಸ್ಪಷ್ಟವಾಗುವ ಮೊದಲೇ, ತಲೆಯ ಮೇಲಿನ ಕಿರೀಟವೋ ಮುಂಡಾಸೋ ಕೇದಗೆ ಮುಂದಲೆಯೋ ಬಂದದ್ದು ಎಂಥ ವೇಷವೆಂದು ತಿಳಿಸಿಬಿಡುತ್ತದೆ. ರೇಸಿನಲ್ಲಿಯೂ ಹಾಗೆಯೇ. ಮುಖ ತೆರೆದಿದ್ದ ಹಳೆಯ ಹೆಲ್ಮೆಟ್ಟುಗಳ ಕಾಲದಲ್ಲಿ ಸವಾರನನ್ನು ಮುಖದಿಂದ ಗುರುತಿಸಬಹುದಾಗಿತ್ತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಕಂಪನಿ ಗದ್ದವನ್ನೂ ಮುಚ್ಚುವ 'ಸ್ಟಾರ್' ಹೆಲ್ಮೆಟ್ಟನ್ನು ತಂದು, ಮುಂದಿನ ಕೆಲವೇ ವರ್ಷಗಳಲ್ಲಿ ಎಲ್ಲರೂ ಅಂಥದ್ದನ್ನೇ ಧರಿಸತೊಡಗಿದಾಗ ಮುಖಗಳೆಲ್ಲ ಒಳಗೆ ಸೇರಿಕೊಂಡವು. ಅಂದಿನಿಂದ ಹೆಲ್ಮೆಟ್ಟೇ ಮುಖವಾಯಿತು. ಮೈಮೇಲಿನ ಚರ್ಮದ ಉಡುಪಿನ ಬಣ್ಣ ತಂಡದ್ದು, ಬೈಕಿನ ಬಣ್ಣ ಕಂಪನಿಯದ್ದು, ಸವಾರನದೆಂದು ಉಳಿದದ್ದು ತಲೆಯ ಮೇಲಿನ ಒಂದು ಗೇಣು ಜಾಗ ಮಾತ್ರ.

ನನ್ನ ಕಪಾಟಿನ ಮೊದಲ ಹೆಲ್ಮೆಟ್ಟು ಆ ಮೊದಲ ತಲೆಮಾರಿನ ನೆನಪಿಗೆ ಮಾಡಿದ್ದು. 1976 ಮತ್ತು 1977ರಲ್ಲಿ 500 ಸಿಸಿ ವಿಶ್ವ ಚಾಂಪಿಯನ್ ಆಗಿದ್ದ ಇಂಗ್ಲೆಂಡಿನ ಬ್ಯಾರಿ ಶೀನ್ ತನ್ನ ಕಪ್ಪು ಹೆಲ್ಮೆಟ್ಟಿನ ಹಣೆಯ ಮೇಲೆ ಡೊನಾಲ್ಡ್ ಡಕ್ಕಿನ ಚಿತ್ರವನ್ನು ಬರೆಸಿಕೊಂಡಿದ್ದ. ಅವನ ಸಂಖ್ಯೆ 7. ಇಟಲಿಯ ಎಜಿವಿ ಕಂಪನಿ ತನ್ನ ಹಳೆಯ ಎಕ್ಸ್3000 ಮಾದರಿಯನ್ನು ಮತ್ತೆ ತಯಾರಿಸತೊಡಗಿದಾಗ ಶೀನ್‌ನ ಬಣ್ಣಗಳಲ್ಲಿಯೂ ಒಂದು ಸೀಮಿತ ಆವೃತ್ತಿಯನ್ನು ಹೊರತಂದಿತು. ಎಜಿವಿ ಎಂದರೆ ಅಮಿಸಾನೊ ಜೀನೊ ವಾಲೆನ್ಸಾ, ಅಂದರೆ ಸ್ಥಾಪಕನ ಹೆಸರು ಮತ್ತು ಅವನ ಊರು. ಆರಂಭವಾದದ್ದು 1947ರಲ್ಲಿ. ಎಕ್ಸ್3000ರ ಗದ್ದದ ಭಾಗವನ್ನು ಕೆಳಗಿನಿಂದ ಕೆತ್ತಿದಂತೆ ಒಳಸರಿಸಿದ್ದಾರೆ. ಸವಾರ ಪೆಟ್ರೋಲ್ ಟ್ಯಾಂಕಿನ ಮೇಲೆ ಬೋರಲಾಗಿ ಮಲಗಿದಾಗ ಗದ್ದ ಟ್ಯಾಂಕಿಗೆ ತಾಗದಿರಲೆಂದು. ಒಳಹೊದಿಕೆಗೆ ಚರ್ಮವನ್ನು ಬಳಸಿದ್ದಾರೆ. ಈ ಚರ್ಮದ ವಿಷಯಕ್ಕೆ ಮುಂದೆ ಬರುತ್ತೇನೆ.

ಎರಡನೆಯದು ಇಟಲಿಯ ಸವಾರ ವ್ಯಾಲೆಂಟಿನೊ ರೊಸ್ಸಿಯ ಮುಖ. ಇದು ಅಲಂಕಾರದ ಮಾತಲ್ಲ. ಇಟಲಿಯ ಮುಜೆಲ್ಲೊ ಟ್ರ್ಯಾಕಿನಲ್ಲಿ ನಡೆದ 2008ರ ರೇಸಿಗೆ ರೊಸ್ಸಿ ಧರಿಸಿದ ಹೆಲ್ಮೆಟ್ಟಿನ ನೆತ್ತಿಯ ಮೇಲೆ, ಕಣ್ಣು ಬಿಟ್ಟು ಬಾಯಿ ತೆರೆದು ಬೆಚ್ಚಿದಂತಿರುವ ಅವನದೇ ಮುಖವನ್ನು ದೊಡ್ಡದಾಗಿ ಚಿತ್ರಿಸಲಾಗಿತ್ತು. ವಿನ್ಯಾಸ ಮಾಡಿದವನು ರೊಸ್ಸಿಯ ಹೆಲ್ಮೆಟ್ಟುಗಳನ್ನು ವರ್ಷಗಟ್ಟಲೆ ರೂಪಿಸಿದ ಆಲ್ಡೊ ದ್ರೂದಿ. ಮುಜೆಲ್ಲೊ ಟ್ರ್ಯಾಕಿನ ನೇರ ದಾರಿ ಒಂದು ಕಿಲೋಮೀಟರಿಗಿಂತಲೂ ಉದ್ದವಾದದ್ದು. 2023ರಲ್ಲಿ ಬ್ರ್ಯಾಡ್ ಬೈಂಡರ್ ಎಂಬ ಸವಾರ ಗಂಟೆಗೆ 366.1 ಕಿ.ಮೀ. ವೇಗ ಮುಟ್ಟಿದ್ದು ಅಲ್ಲಿಯೇ. ಅದರ ಕೊನೆಯಲ್ಲಿ ಸಾನ್ ದೊನಾತೊ ಎಂಬ ಬಲತಿರುವು ಬರುತ್ತದೆ. ಅಂಥ ವೇಗದಲ್ಲಿ ಬಂದು ಬ್ರೇಕ್ ಹಿಡಿಯುವ ಕ್ಷಣದಲ್ಲಿ ಹೆಲ್ಮೆಟ್ಟಿನ ಒಳಗೆ ತನ್ನ ಮುಖ ಹೇಗಿರುತ್ತದೆಯೋ ಅದನ್ನೇ ರೊಸ್ಸಿ ಹೊರಗೆ ಬರೆಸಿದ್ದ. ಅದನ್ನು ಮುಂಭಾಗ ಬಿಟ್ಟು ನೆತ್ತಿಯ ಮೇಲೆಯೇ ಬರೆದದ್ದೇಕೆ ಎನ್ನುವುದು ಸವಾರ ಬೈಕಿನ ಮೇಲೆ ಬಾಗಿದಾಗ ಮಾತ್ರ ತಿಳಿಯುತ್ತದೆ: ಬಾಗಿದ ತಲೆಯ ನೆತ್ತಿಯೇ ಆಗ ಎದುರಿಗೆ ಬರುತ್ತದೆ, ಕ್ಯಾಮೆರಾಕ್ಕೆ ಕಾಣುವುದು ಆ ಮುಖವೇ. ಆ ದಿನ ರೊಸ್ಸಿ ಗೆದ್ದ. ಮುಜೆಲ್ಲೊದಲ್ಲಿ ಅದು ಅವನ ಸತತ ಏಳನೆಯ ಗೆಲುವು.

ಮೂರನೆಯದು ಅಮೆರಿಕದ ನಿಕಿ ಹೇಡನ್‌ನ ಹೆಲ್ಮೆಟ್ಟು, ಜಪಾನಿನ ಅರಾಯ್ ಕಂಪನಿಯದು. ಹೇಡನ್‌ನ ಸಂಖ್ಯೆ 69. ಅವನ ತಂದೆಯೂ ಇದೇ ಸಂಖ್ಯೆಯನ್ನು ಬಳಸುತ್ತಿದ್ದರು. ಬಿದ್ದು ಬೈಕು ತಲೆಕೆಳಗಾದರೂ ಓದಲಿಕ್ಕೆ ಬರುವ ಸಂಖ್ಯೆ ಎಂಬುದು ಆ ಕುಟುಂಬದ ತಮಾಷೆಯಾಗಿತ್ತು. 2006ರ ಕೊನೆಯ ರೇಸಿಗೆ ಎಂಟು ಅಂಕಗಳ ಮುನ್ನಡೆಯೊಂದಿಗೆ ಬಂದ ರೊಸ್ಸಿ ಸ್ಪೇನಿನ ವಲೆನ್ಸಿಯಾದಲ್ಲಿ ಬಿದ್ದುದರಿಂದ ಐದು ಅಂಕಗಳ ಅಂತರದಲ್ಲಿ ಹೇಡನ್ ವಿಶ್ವ ಚಾಂಪಿಯನ್ ಆದ. ಹೀಗಾಗಿ ನನ್ನ ಕಪಾಟಿನಲ್ಲಿ ಆ ಎರಡು ಹೆಲ್ಮೆಟ್ಟುಗಳನ್ನು ಅಕ್ಕಪಕ್ಕ ಇಡಲಿಕ್ಕೆ ಯಾಕೋ ಸಂಕೋಚವಾಗಿ, ನಡುವೆ ಶೀನ್‌ನನ್ನು ಕೂರಿಸಿದ್ದೇನೆ. ಹೇಡನ್ 2017ರ ಮೇ ತಿಂಗಳಿನಲ್ಲಿ ಇಟಲಿಯಲ್ಲಿ ಸೈಕಲ್ ತುಳಿಯುತ್ತಿದ್ದಾಗ ಕಾರು ಡಿಕ್ಕಿಯಾಗಿ, ಕೆಲವು ದಿನಗಳ ನಂತರ ತೀರಿಕೊಂಡ. ಅವನಿಗೆ ಆಗ 35 ವರ್ಷ.

ಪ್ರತಿಕೃತಿ ಎಂದಾಗ ಕೆಲವರು ಮೂಗು ಮುರಿಯುತ್ತಾರೆ. ಸವಾರನ ಸ್ವಂತ ಹೆಲ್ಮೆಟ್ಟಿಗೆ ಕೈಯಿಂದಲೇ ಬಣ್ಣ ಹಚ್ಚುವುದು ಹೆಚ್ಚು. ಅಂಗಡಿಗೆ ಬರುವ ಪ್ರತಿಕೃತಿಯದು ಬೇರೆ ವಿಧಾನ. ಚಿತ್ರವನ್ನು ತೆಳುವಾದ ಹಾಳೆಯ ಮೇಲೆ ಮುದ್ರಿಸಿ, ನೀರಿನಲ್ಲಿ ನೆನೆಸಿ, ಬೆನ್ನ ಕಾಗದದಿಂದ ಜಾರಿಸಿ ಚಿಪ್ಪಿನ ಮೇಲೆ ಕೂರಿಸುತ್ತಾರೆ. ಚಪ್ಪಟೆಯಾದ ಹಾಳೆ ಗುಂಡಗಿನ ಮೈಮೇಲೆ ನೆರಿಗೆಯಾಗದಂತೆ ಬೆರಳಿನಿಂದ ಎಳೆದು, ಒಳಗಿನ ಗಾಳಿಯನ್ನೂ ನೀರನ್ನೂ ಅಂಚಿಗೆ ಒತ್ತಿ ಹೊರಗೆ ತಳ್ಳಿ, ಒಣಗಿದ ಮೇಲೆ ಪಾರದರ್ಶಕ ಲೇಪವನ್ನು ಹಚ್ಚಿ ಉಜ್ಜುತ್ತಾರೆ. ಅರಾಯ್ ಮತ್ತು ಶೋಯಿ ಕಂಪನಿಗಳಲ್ಲಿ ಈ ಕೆಲಸವನ್ನು ಇಂದಿಗೂ ಕೈಯಿಂದಲೇ ಮಾಡುತ್ತಾರೆ. ಯಕ್ಷಗಾನದ ಕಿರೀಟಕ್ಕೆ ಬೇಗಡೆ ಅಂಟಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಎಷ್ಟು ತಾಳ್ಮೆ ಬೇಡುವ ಕೆಲಸವೆಂದು ಹೇಳಬೇಕಾಗಿಲ್ಲ. ಕಿವಿಯ ಮೇಲ್ಭಾಗದಲ್ಲಿ, ಎರಡು ಹಾಳೆಗಳು ಸೇರುವಲ್ಲಿ, ನನ್ನ ಹೇಡನ್ ಹೆಲ್ಮೆಟ್ಟಿನ ಒಂದು ಗೆರೆ ಕೂದಲೆಳೆಯಷ್ಟು ತಪ್ಪಿದೆ. ಅದು ನನಗೆ ದೋಷವಾಗಿ ಕಂಡಿಲ್ಲ. ಯಾರದೋ ಹೆಬ್ಬೆರಳು ಅಲ್ಲಿ ನಿಂತಿತ್ತು ಎಂದುಕೊಳ್ಳುತ್ತೇನೆ.

'ಸೀಮಿತ ಆವೃತ್ತಿ' ಎಂಬ ಮಾತನ್ನು ಮಾತ್ರ ನಾನು ಈಗ ಅಷ್ಟಾಗಿ ನಂಬುವುದಿಲ್ಲ. ಇಷ್ಟೇ ಸಂಖ್ಯೆ ಎಂದು ಘೋಷಿಸಿ ಮಾಡುವವು ಕೆಲವು. ಅರಾಯ್ ಪ್ರತಿವರ್ಷ ಐಲ್ ಆಫ್ ಮ್ಯಾನ್ ಟಿಟಿ ರೇಸಿಗೆ ತರುವ ಹೆಲ್ಮೆಟ್ಟಿನಂತೆ ಆ ವರ್ಷಕ್ಕೆ ಮಾತ್ರ ಎಂದು ಮಾಡುವವು ಇನ್ನು ಕೆಲವು. ಉಳಿದವುಗಳಲ್ಲಿ ಬಹುಪಾಲು ಯಾರೂ ಮಿತಿ ಹಾಕದೆಯೇ ಅಪರೂಪವಾದವು, ಏಕೆಂದರೆ ಸವಾರ ತಂಡ ಬದಲಿಸುತ್ತಾನೆ, ಪ್ರಾಯೋಜಕ ಬದಲಾಗುತ್ತಾನೆ, ಹಳೆಯ ಬಣ್ಣ ನಿಂತುಹೋಗುತ್ತದೆ. ಈ ಪ್ರಾಯೋಜಕರ ವಿಷಯ ತಿಳಿದಿದ್ದರೆ ನಕಲಿಯನ್ನು ಹಿಡಿಯುವುದು ಸುಲಭ. ಗೂಳಿಗಳ ಗುರುತಿನ ರೆಡ್ ಬುಲ್ ಪಾನೀಯದ ಕಂಪನಿ ತಾನು ಪ್ರಾಯೋಜಿಸುವ ಸವಾರರ ಹೆಲ್ಮೆಟ್ಟಿನ ಮೇಲೆ ಆ ಗುರುತನ್ನು ಹಾಕಿಸುತ್ತದೆ, ಆದರೆ ಅವರ ಹೆಲ್ಮೆಟ್ಟಿನ ಪ್ರತಿಕೃತಿಗಳ ಮೇಲೆ ಅದು ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದ ಸ್ಪೇನಿನ ಸವಾರ ಮಾರ್ಕ್ ಮಾರ್ಕೆಸ್‌ನ ಶೋಯಿ ಪ್ರತಿಕೃತಿಯ ಮೇಲೆ ಇರುವೆಯ ಚಿತ್ರ ಇರುತ್ತದೆ, ಆ ಗೂಳಿಗಳು ಇರುವುದಿಲ್ಲ. ಗೂಳಿಗಳಿರುವ ಅಂಥ ಪ್ರತಿಕೃತಿಯನ್ನು ಯಾರಾದರೂ ಮಾರಲು ಬಂದರೆ ಅದು ನಕಲಿ, ಇಲ್ಲವೇ ಯಾರೋ ಆಮೇಲೆ ಸ್ಟಿಕ್ಕರ್ ಅಂಟಿಸಿದ್ದು.

ಗದ್ದದ ಪಟ್ಟಿಗೆ ಹೊಲಿದಿರುವ ಚಿಕ್ಕ ಬಟ್ಟೆಯ ಚೀಟಿಯನ್ನು ಓದಲು ಕಲಿತವನು ಇನ್ನೂ ಜಾಣನಾಗುತ್ತಾನೆ. ವೃತ್ತದೊಳಗಿನ 'ಇ' ಅಕ್ಷರದ ಪಕ್ಕದ ಅಂಕಿ ಅನುಮೋದನೆ ಕೊಟ್ಟ ದೇಶವನ್ನು ಹೇಳುತ್ತದೆ: 3 ಎಂದರೆ ಇಟಲಿ, 4 ಎಂದರೆ ನೆದರ್ಲೆಂಡ್ಸ್, 11 ಎಂದರೆ ಬ್ರಿಟನ್. ಕೆಳಗಿನ ಸಂಖ್ಯೆ 05 ಎಂದು ಆರಂಭವಾದರೆ ಅದು ಯುರೋಪಿನ ಹಳೆಯ 22.05 ನಿಯಮದ್ದು, 06 ಎಂದಾದರೆ ಓರೆಯಾಗಿ ಬೀಳುವ ಪೆಟ್ಟಿನ ಪರೀಕ್ಷೆಯನ್ನೂ ಸೇರಿಸಿದ ಹೊಸ 22.06 ನಿಯಮದ್ದು. ಆ ಸಂಖ್ಯೆಯ ನಂತರ 'ಪಿ' ಎಂದಿದ್ದರೆ ಗದ್ದದ ಕವಚವೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದು ಅರ್ಥ. 2008ರ ಮಾದರಿಯ ಮೇಲೆ 06 ಇದ್ದರೆ ಮಾರುವವನ ಜೊತೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ರೊಸ್ಸಿಯ ಮುಖವನ್ನು ಕೊಳ್ಳುವಾಗ ನಾನು ಮೋಸಹೋದೆ. ಚೀಟಿ ಸರಿಯಿತ್ತು, ಚಿತ್ರ ಸರಿಯಿತ್ತು, ಒಂದು ಗೀರೂ ಇರಲಿಲ್ಲ. ಪೊಟ್ಟಣ ಬಿಚ್ಚಿ, ಕೆನ್ನೆಯ ದಿಂಬನ್ನು ತೆಗೆದು ನೋಡೋಣವೆಂದು ಬೆರಳು ಹಾಕಿದರೆ ಕಪ್ಪು ಹೊದಿಕೆ ತೊಡದೇವಿನ ಪದರದ ಹಾಗೆ ಮುರಿದು ಕೈಗೆ ಬಂತು. ಒಳಗಿನ ಸ್ಪಂಜು ಅರ್ಧ ಅಂಟಾಗಿ ಅರ್ಧ ಹುಡಿಯಾಗಿ ಕೂತಿತ್ತು. ಪಾಲಿಯುರೆಥೇನ್ ಸ್ಪಂಜು ಗಾಳಿಯಲ್ಲಿನ ತೇವವನ್ನು ಹೀರುತ್ತ ವರ್ಷಗಳು ಕಳೆದಂತೆ ತಾನೇ ಒಡೆಯುತ್ತದೆ. ಯಾರೂ ಮುಟ್ಟಬೇಕೆಂದಿಲ್ಲ, ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟರೂ ಸಾಕು. ಆ ಮಾದರಿಯ ದಿಂಬುಗಳು ಈಗ ತಯಾರಾಗುತ್ತಿಲ್ಲ. ಬೇರೆ ಮಾದರಿಯದನ್ನು ಕತ್ತರಿಸಿ ಕೂರಿಸಬಹುದೆಂದು ಕೆಲವರು ಹೇಳಿದರು. ನನಗೆ ಮನಸ್ಸಾಗಲಿಲ್ಲ, ಮುರಿದ ಚೂರುಗಳನ್ನು ಒಂದು ಚೀಲದಲ್ಲಿ ಹಾಕಿ, ದಿನಾಂಕ ಬರೆದು, ಹೆಲ್ಮೆಟ್ಟಿನ ಒಳಗೇ ಇಟ್ಟೆ.

ಚಿಪ್ಪಿನ ಬಗ್ಗೆ ಅನುಮಾನ ಹುಟ್ಟಿ ಅದನ್ನು ಬೈತಖೋಲ ಬಂದರಿನ ಹತ್ತಿರ ಫೈಬರ್ ದೋಣಿಗಳನ್ನು ದುರಸ್ತಿ ಮಾಡುವ ಗೆಳೆಯನ ಬಳಿ ಒಯ್ದೆ. ಅವನು ಮಾತನಾಡದೆ ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು, ಚಿಪ್ಪನ್ನು ಬೆರಳಗಲಕ್ಕೊಮ್ಮೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಇಡೀ ಸುತ್ತು ಬಂದ. ಪದರಗಳು ಬಿಟ್ಟುಕೊಂಡಿದ್ದಲ್ಲಿ ಸದ್ದು ಮಂದವಾಗುತ್ತದಂತೆ, ದೋಣಿಯ ಹೊಟ್ಟೆಯಲ್ಲಿಯೂ ಹಾಗೆಯೇ ಪತ್ತೆಹಚ್ಚುವುದಂತೆ. ಎಲ್ಲ ಕಡೆಯೂ ಗಟ್ಟಿ ಸದ್ದೇ ಬಂತು. "ಹೆಗಡೇರೇ, ಇದು ನಮ್ಮ ದೋಣಿಯದೇ ಮಾಲು. ಚಿಪ್ಪು ಚಲೋ ಉಂಟು," ಎಂದವನು, ಒಳಗೆ ಬಗ್ಗಿ ನೋಡಿ, "ಒಳಗಿನದು ಮಾತ್ರ ನಮ್ಮ ಕೆಲಸ ಅಲ್ಲ," ಎಂದ.

ನಮ್ಮ ಕರಾವಳಿ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ ಜಾಗವಲ್ಲ. ವರ್ಷಕ್ಕೆ 3000 ಮಿಲಿಮೀಟರು ದಾಟುವ ಮಳೆ, ಅದು ನಿಂತ ಮೇಲೆಯೂ ಬಿಡದ ಉಪ್ಪುಗಾಳಿ. ಜೂನ್ ಬಂತೆಂದರೆ ಶೀನ್ ಹೆಲ್ಮೆಟ್ಟಿನ ಚರ್ಮದ ಮೇಲೆ ಹಸಿರು ಬೂಷ್ಟು ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ವಾರದಲ್ಲಿ ಮತ್ತೆ ಬರುತ್ತದೆ. ಒಮ್ಮೆ ಎರಡು ವಾರ ಊರಿನಲ್ಲಿರಲಿಲ್ಲ. ಬಂದು ನೋಡಿದರೆ ಅರಾಯ್‌ನ ಹಣೆಯ ಗಾಳಿಗಂಡಿಯನ್ನು ಕಣಜವೊಂದು ಹಸಿಮಣ್ಣಿನಿಂದ ಅಚ್ಚುಕಟ್ಟಾಗಿ ಮುಚ್ಚಿ ಗೂಡು ಮಾಡಿಕೊಂಡಿತ್ತು. ಸಿಲಿಕಾ ಜೆಲ್ಲಿನ ಚೀಲಗಳನ್ನು ತಂದಿಟ್ಟೆ. ನೀಲಿಯಾಗಿದ್ದ ಹರಳುಗಳು ಮೂರು ವಾರದಲ್ಲಿ ಗುಲಾಬಿಯಾಗುತ್ತವೆ, ಅವನ್ನು ಅದಕ್ಕೆಂದೇ ಇಟ್ಟ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಹುರಿಯಬೇಕು. ಮಳೆಗಾಲದ ಭಾನುವಾರಗಳು ನನಗೆ ಹೀಗೆಯೇ ಕಳೆಯುತ್ತವೆ.

ಕಳೆದ ಆಷಾಢದಲ್ಲಿ ಆಯಿ ಹದಿನೈದು ದಿನ ನಮ್ಮಲ್ಲಿ ಇದ್ದು ಹೋದಳು. ಚೌತಿಗೆ ಮನೆ ಗುಡಿಸಿ ಸಾರಿಸುವಾಗ ಹೆಲ್ಮೆಟ್ಟುಗಳನ್ನು ಹೊರಗೆ ತೆಗೆದೆ. ಹೇಡನ್‌ನ ಚೀಲದ ದಾರ ಬಿಚ್ಚಿದ ಕೂಡಲೇ ಅಜ್ಜನ ಕಾಲದ ಟ್ರಂಕಿನ ವಾಸನೆ ಮೂಗಿಗೆ ಹೊಡೆಯಿತು. ಒಳಗೆ, ಕಿವಿಯ ದಿಂಬಿನ ಹಿಂದೆ ಎರಡು, ನೆತ್ತಿಯ ಹೊದಿಕೆಯ ಅಡಿಯಲ್ಲಿ ಎರಡು, ಕರಗಿ ಕಡಲೆಕಾಳಿನಷ್ಟಾಗಿದ್ದ ನುಸಿ ಗುಳಿಗೆಗಳಿದ್ದವು. ಫೋನು ಮಾಡಿದೆ. "ಜಿರಲೆ ಹೊಕ್ತು ಹೇಳಿ ನಾಕು ಗುಳಿಗೆ ಇಟ್ಟಿದ್ದಿ ಅಷ್ಟೇಯ," ಎಂದಳು. ಮೂರರಲ್ಲಿ ಇದಕ್ಕೇ ಏಕೆ ಎಂದರೆ, ಇದರ ಬಣ್ಣ ಅವಳಿಗೆ ಇಷ್ಟವಾಗಿತ್ತಂತೆ.

ಹೊದಿಕೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಹೆಲ್ಮೆಟ್ಟಿನ ಚಿಪ್ಪಿನ ಒಳಗೆ ಇರುವುದು ನಾವು ಥರ್ಮಾಕೋಲ್ ಎನ್ನುವ ಪಾಲಿಸ್ಟೈರೀನ್. ತಲೆಯನ್ನು ಉಳಿಸುವ ಕೆಲಸದ ಬಹುಪಾಲು ಅದರದೇ. ಪೆಟ್ಟು ಬಿದ್ದಾಗ ಅದರ ಗಾಳಿ ತುಂಬಿದ ಕಾಳುಗಳು ನಜ್ಜಾಗಿ ಪೆಟ್ಟಿನ ಶಕ್ತಿಯನ್ನು ನುಂಗುತ್ತವೆ, ಒಮ್ಮೆ ನಜ್ಜಾದದ್ದು ಮತ್ತೆ ಏಳುವುದಿಲ್ಲ. ಅರಾಯ್ ಹೆಲ್ಮೆಟ್ಟಿನ ಹೊರಮೈಯನ್ನು ಎಲ್ಲಿಯೂ ಕೊಕ್ಕೆಯಾಗದಂತೆ ಉರುಟಾಗಿ ಮಾಡುವುದು, ಗಾಳಿಗಂಡಿಗಳು ನೆಲಕ್ಕೆ ತಾಗಿದೊಡನೆ ಕಿತ್ತುಹೋಗುವಂತೆ ಕೂರಿಸುವುದು, ಎಲ್ಲವೂ ಈ ಥರ್ಮಾಕೋಲಿನವರೆಗೆ ಪೆಟ್ಟು ಕಡಿಮೆಯಾಗಿ ಬರಲಿ ಎಂದೇ. ನ್ಯಾಫ್ತಲೀನ್ ಗುಳಿಗೆಯಾದರೋ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಪಾಲಿಸ್ಟೈರೀನಿಗೂ ಅದಕ್ಕೂ ರಸಾಯನದ ಲೆಕ್ಕದಲ್ಲಿ ದಾಯಾದಿ ಸಂಬಂಧವಿರುವುದರಿಂದ ಆ ಆವಿ ಅದರೊಳಗೆ ಇಳಿದು ಮೆತ್ತಗಾಗಿಸಿ ಕರಗಿಸುತ್ತದೆ. ಗುಳಿಗೆ ತಾಗಿದ್ದ ನಾಲ್ಕೂ ಕಡೆ ಅಗಲವಾದ ಗುಳಿ ಬಿದ್ದಿತ್ತು. ಗುಳಿಯ ತಳ ಮೇಣದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು, ಅಂಚಿನ ಕಾಳುಗಳು ಕುಗ್ಗಿ ಒಂದಕ್ಕೊಂದು ಅಂಟಿದ್ದವು. ಉಗುರು ಒತ್ತಿದರೆ ಗುರುತು ಹಾಗೆಯೇ ಉಳಿಯಿತು. ತಿರುಗಿಸಿ ನೋಡಿದರೆ ಹೊರಗೆ ಎಂದಿನ ಹೊಳಪು, 69ರ ಬಣ್ಣ ಎಳ್ಳಷ್ಟೂ ಮಾಸಿರಲಿಲ್ಲ.

ಆಯಿಯ ಮೇಲೆ ಸಿಟ್ಟು ಬಂದದ್ದು ಒಂದು ಗಂಟೆ ಮಾತ್ರ. ಟ್ರಂಕಿಗೆ, ರೇಷ್ಮೆ ಸೀರೆಗೆ, ಪುಸ್ತಕಕ್ಕೆ ಗುಳಿಗೆ ಇಡುವ ಕೈ ಹೆಲ್ಮೆಟ್ಟಿಗೂ ಇಟ್ಟಿತು. ಥರ್ಮಾಕೋಲಿನ ಹತ್ತಿರ ಅದನ್ನು ತರಬಾರದೆಂದು ನಾನು ಹೇಳಿಟ್ಟಿರಲಿಲ್ಲ. ಹೆಲ್ಮೆಟ್ಟಿನ ಹತ್ತಿರ ಪೆಟ್ರೋಲು, ತಿನ್ನರು ತರಬೇಡಿ ಎಂಬ ಎಚ್ಚರಿಕೆಯನ್ನು ಎಷ್ಟೋ ಸಲ ಓದಿದ್ದ ನನಗೇ ನುಸಿ ಗುಳಿಗೆಯೂ ಅದೇ ಸಾಲಿನದು ಎಂದು ಹೊಳೆದಿರಲಿಲ್ಲ.

ಒಂದು ತಿಂಗಳಾದ ಮೇಲೆ, ನಾನು ಹಿಂದೆ ಯಾರಿಗೋ ಕಳಿಸಿದ್ದ ಫೋಟೋ ನೋಡಿ, ದೊಡ್ಡ ಊರಿನ ಒಬ್ಬ ಸಂಗ್ರಾಹಕರು ಹೇಡನ್ ಹೆಲ್ಮೆಟ್ಟನ್ನು ಕೊಡುತ್ತೀರಾ ಎಂದು ಕೇಳಿದರು. ಅವರು ಹೇಳಿದ ಬೆಲೆ ನಾನು ಕೊಟ್ಟಿದ್ದರ ಎರಡು ಪಟ್ಟು. ಗುಳಿಗಳ ಫೋಟೋ ತೆಗೆದು ಕಳಿಸಿ, ಇದನ್ನು ಇನ್ನು ಯಾರೂ ತಲೆಗೆ ಹಾಕಿಕೊಳ್ಳುವಂತಿಲ್ಲ ಎಂದು ಬರೆದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಅದಕ್ಕೇನು ಸರ್, ಒಳಗೆ ಯಾರು ನೋಡುತ್ತಾರೆ? ಗಾಜಿನ ಪೆಟ್ಟಿಗೆಯಲ್ಲಿ ಇಡುವುದಲ್ಲವೇ?" ಬೆಲೆಯನ್ನು ಅವರು ಒಂದು ರೂಪಾಯಿಯೂ ಇಳಿಸಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಯಾಕೆಂದರೆ ಇಷ್ಟು ವರ್ಷ ನಾನು ಮಾಡಿದ್ದೂ ಅದನ್ನೇ. ಕಿರೀಟದ ಹೋಲಿಕೆಯನ್ನು ಆಯಿಗೆ ಹೇಳುತ್ತ ಬಂದವನು ಒಂದು ಮಾತನ್ನು ಮರೆತಿದ್ದೆ: ವೇಷಧಾರಿಯ ಕಿರೀಟ ಹಗಲು ಚೌಕಿಯ ಪೆಟ್ಟಿಗೆಯಲ್ಲಿ ಇದ್ದರೂ ರಾತ್ರಿ ಒಂದು ತಲೆಯ ಮೇಲೆ ಏರುತ್ತದೆ, ಬೆವರಿನಿಂದ ಒದ್ದೆಯಾಗುತ್ತದೆ, ಸವೆದರೆ ಮತ್ತೆ ಬೇಗಡೆ ಹಚ್ಚಿಸಿಕೊಳ್ಳುತ್ತದೆ. ನನ್ನ ಮೂರಕ್ಕೂ ಅಂಥ ರಾತ್ರಿ ಬಂದಿರಲಿಲ್ಲ.

ಹೆಲ್ಮೆಟ್ಟನ್ನು ಕೊಡಲಿಲ್ಲ. ಕೊಟ್ಟರೆ ಅವರ ನಂತರ ಅದು ಇನ್ನೊಬ್ಬರ ಕೈಗೆ ಹೋಗಿ, ಅವರ ಮಗನೋ ಮೊಮ್ಮಗನೋ ಒಳ್ಳೆಯ ಹೆಲ್ಮೆಟ್ಟೆಂದು ಹಾಕಿಕೊಂಡು ರಸ್ತೆಗಿಳಿದರೆ ಎಂಬ ಯೋಚನೆ ಬಂತು. ಒಳಗಿನ ಥರ್ಮಾಕೋಲಿನ ಮೇಲೆ, ನಾಲ್ಕು ಗುಳಿಗಳ ನಡುವೆ, ನೀರಿನಲ್ಲಿ ಅದ್ದುವ ಬಣ್ಣದ ಕುಂಚದಿಂದ ದೊಡ್ಡದಾಗಿ 'ಧರಿಸಬಾರದು' ಎಂದು ಬರೆದಿದ್ದೇನೆ. ಪೆನ್ನಿನಿಂದ ಬರೆಯಲಿಲ್ಲ, ಅದರ ಶಾಯಿಯಲ್ಲಿಯೂ ಥರ್ಮಾಕೋಲನ್ನು ತಿನ್ನುವ ದ್ರಾವಣ ಇರಬಹುದು.

ಉಳಿದ ಎರಡನ್ನು ಹಾಕಿಕೊಳ್ಳಲಿಕ್ಕೂ ದಾರಿಯಿಲ್ಲ. ರೊಸ್ಸಿಯದಕ್ಕೆ ಕೆನ್ನೆಯೇ ಇಲ್ಲ. ಶೀನ್‌ನದು ಒಳಗೂ ಹೊರಗೂ ಗಟ್ಟಿಯಾಗಿಯೇ ಇದೆ, ಆದರೆ ಅದರ ಮೇಲೆ ಐಎಸ್ಐ ಗುರುತಿಲ್ಲ. 2021ರ ಜೂನ್ 1ರಿಂದ ನಮ್ಮಲ್ಲಿ ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ಆ ಗುರುತು ಕಡ್ಡಾಯ. ನಾನು ದಿನಾ ಹಾಕಿಕೊಳ್ಳುವುದು ಬೆಳಗಾವಿಯ ವೇಗಾ ಕಂಪನಿಯದು, ಬೂದು ಬಣ್ಣದ್ದು, ಯಾರ ಮುಖವೂ ಇಲ್ಲದ್ದು. ಬಾಗಿಲ ಪಕ್ಕದ ಮೊಳೆಗೆ ಅದು ತೂಗಾಡುತ್ತದೆ. ಅದಕ್ಕೆ ಸಿಲಿಕಾ ಜೆಲ್ಲೂ ಇಲ್ಲ, ಚೀಲವೂ ಇಲ್ಲ.

ಮೊನ್ನೆ ಆಯಿ ಮತ್ತೆ ಬಂದಿದ್ದಳು. ಹೊರಡುವ ದಿನ ಶಿರಸಿಯ ಬಸ್ಸಿಗೆ ಬಿಡಲೆಂದು ಸ್ಕೂಟರ್ ಹೊರಗೆ ತೆಗೆಯುತ್ತಿದ್ದಾಗ, ಒಳಕೋಣೆಯಿಂದ ಕಪಾಟಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂರನ್ನೂ ಒಂದೊಂದಾಗಿ ನೋಡುತ್ತ ನಿಂತಿದ್ದಳು. "ಯನ್ನ ತಲಿಗೆ ಇದ್ರಲ್ಲಿ ಯಾವ್ದು?" ಎಂದು ಕೇಳಿದಳು. ನಾನು ಮೊಳೆಯ ಮೇಲಿದ್ದ ಬೂದು ಹೆಲ್ಮೆಟ್ಟನ್ನು ಅವಳ ತಲೆಗಿಟ್ಟು ಗದ್ದದ ಪಟ್ಟಿ ಬಿಗಿದು, ಪಕ್ಕದ ಮನೆಯವರಿಂದ ಇನ್ನೊಂದನ್ನು ಕೇಳಿ ತರಲು ಹೋದೆ.